ನಂದಿಯ ರೈಲಿಗೆ ಒಂದೇ ಟಿಕೆಟ್

ಈ ಪುಟ ಓದುತ್ತಿರುವ ನಿಮ್ಮಲ್ಲಿ ಅನೇಕರು ಮಗನ ಮನೆಗೋ ಮಗಳ ಮನೆಗೋ ಅಂತ ವರ್ಷಕ್ಕೊಂದೆರಡು ಬಾರಿ ಬೆಂಗಳೂರಿಗೆ ಬಂದೇ ಬರುತ್ತೀರಿ. ಮನೆ ಯಲಹಂಕ, ಹೆಬ್ಬಾಳ, ಆರ್.ಟಿ. ನಗರದ ಕಡೆಯಾದರಂತೂ ನಿಮ್ಮ ದಿನಚರಿ ನನಗೆ ಚೆನ್ನಾಗಿ ಗೊತ್ತು. ಬೆಳಿಗ್ಗೆ ಎಲ್ಲರ ಡಬ್ಬಿ ಕಟ್ಟಿ ಕಳಿಸಿದರೆ ಆಯಿತು, ಆಮೇಲೆ ಸಂಜೆಯವರೆಗೆ ನೀವು, ಟೀವಿ ಮತ್ತು ಮೂರನೇ ಮಹಡಿಯ ಬಾಲ್ಕನಿ. ಊರಿನಲ್ಲಾದರೆ ಕಾಂಪೌಂಡ್ ಪಕ್ಕ ನಿಂತು ನಾಲ್ಕು ಮಾತಾದರೂ ಆಡಬಹುದಿತ್ತು!

ನಾವು ಹೆಂಗಸರು ಪ್ರಯಾಣವನ್ನೇ ಮಾಡುವುದಿಲ್ಲ ಅಂತಲ್ಲ. ಮದುವೆಗೆ, ಸೀಮಂತಕ್ಕೆ, ಬಾಣಂತನಕ್ಕೆ, ಆಸ್ಪತ್ರೆಗೆ, ಹರಕೆ ತೀರಿಸೋದಕ್ಕೆ ಅಂತ ಎಷ್ಟು ಊರು ಸುತ್ತಿಲ್ಲ? ಆದರೆ ಸುಮ್ಮನೆ, ನೋಡಬೇಕು ಅನ್ನಿಸಿತು ಅಂತ, ಒಬ್ಬರೇ ಹೊರಟದ್ದು ಎಷ್ಟು ಸಲ? ಬೆರಳು ಮಡಿಸಿ ಎಣಿಸಿ. ಒಂದು ಬೆರಳೂ ಮಡಿಸಲಾಗದವರೇ ಹೆಚ್ಚು.

ಯೂರೋಪಿನ ಆಲ್ಪ್ಸ್ ಪರ್ವತಗಳ ನಡುವೆ, ಆಸ್ಟ್ರಿಯಾ ದೇಶದಲ್ಲಿ, ಇನ್ಸ್‌ಬ್ರುಕ್ ಅಂತ ಒಂದು ಪಟ್ಟಣವಿದೆ. ಬೆಳಿಗ್ಗೆ ರೈಲು ಹತ್ತಿ ಅಲ್ಲಿಗೆ ಹೋಗಿ, ಹಿಮದ ಬೆಟ್ಟ ನೋಡಿ, ಕಾಫಿ ಕುಡಿದು, ಸಂಜೆಗೆ ಮನೆ ಸೇರುವುದು ಆ ಕಡೆಯ ಹೆಂಗಸರಿಗೆ ದೊಡ್ಡ ಸಂಗತಿಯೇ ಅಲ್ಲ. ಹಿಮ ನಮಗೆ ಬೇಡ ಬಿಡಿ. ಯಲಹಂಕದಿಂದ ಹೆಚ್ಚುಕಡಿಮೆ ಒಂದು ಗಂಟೆಯ ರೈಲು ದಾರಿಯಲ್ಲಿ, 4,851 ಅಡಿ ಎತ್ತರದ ನಂದಿಬೆಟ್ಟ ನಮಗೂ ಇದೆ.

ಚಿಕ್ಕಬಳ್ಳಾಪುರದ ಕಡೆ ಹೋಗುವ ಪ್ಯಾಸೆಂಜರ್ ರೈಲನ್ನು ಯಲಹಂಕದಲ್ಲಿ ಹತ್ತಬೇಕು. ಈ ದಾರಿ 1915ರದ್ದು. ಆಗ ಇಲ್ಲಿ ಓಡುತ್ತಿದ್ದದ್ದು ಎರಡೂವರೆ ಅಡಿ ಅಗಲದ ಹಳಿಯ ಪುಟ್ಟ ರೈಲು. ಮೈಸೂರಿನ ದಿವಾನರಾಗಿದ್ದವರು ಸರ್ ಎಂ. ವಿಶ್ವೇಶ್ವರಯ್ಯನವರು. ಅವರ ಹುಟ್ಟೂರು ಮುದ್ದೇನಹಳ್ಳಿ ಇರುವುದೂ ಇದೇ ನಂದಿಯ ಸೀಮೆಯಲ್ಲಿ. ಈಗ ಹಳಿ ಅಗಲವಾಗಿದೆ, 2022ರಲ್ಲಿ ಕರೆಂಟಿನ ರೈಲೂ ಬಂದಿದೆ.

ಕಿಟಕಿ ಪಕ್ಕ ಕೂತುಕೊಳ್ಳಿ. ಬೆಟ್ಟಹಲಸೂರು, ದೊಡ್ಡಜಾಲ ದಾಟಿದರೆ ವಿಮಾನ ನಿಲ್ದಾಣದ ಹಾಲ್ಟ್. ಆಮೇಲೆ ದೇವನಹಳ್ಳಿ, ಟಿಪ್ಪು ಹುಟ್ಟಿದ ಊರು, ಚಕ್ಕೋತ ಹಣ್ಣಿಗೆ ಹೆಸರಾದ ಊರು. ಅದರ ಮುಂದೆ ಆವತಿಹಳ್ಳಿ. ಯಲಹಂಕದ ನಾಡಪ್ರಭುಗಳ ಮೂಲ ಈ ಆವತಿಯೇ ಅಂತ ಹೇಳುತ್ತಾರೆ. ಕಟ್ಟಡಗಳು ಹಿಂದೆ ಬಿದ್ದು ದ್ರಾಕ್ಷಿ ಚಪ್ಪರ, ಹೂವಿನ ತೋಟ ಕಾಣಿಸತೊಡಗಿದಾಗ ಎದೆ ಹಗುರಾಗುತ್ತದೆ, ನೋಡಿ.

ನಾನು ಹೋದ ದಿನ ಎದುರಿಗೆ ಖಾಲಿ ಹೂಬುಟ್ಟಿ ಇಟ್ಟುಕೊಂಡು ಒಬ್ಬಾಕೆ ಕೂತಿದ್ದರು. ಬೆಳಗಿನ ಜಾವ ಮಾರ್ಕೆಟ್ಟಿಗೆ ಹೂವು ಹಾಕಿ ಊರಿಗೆ ವಾಪಸ್ಸು.

“ಒಬ್ರೇನಾ ಅಮ್ಮ? ಜೊತೇಲಿ ಯಾರೂ ಬರ್ಲಿಲ್ವಾ?”

“ಇಲ್ಲಮ್ಮ, ಒಬ್ಬಳೇ. ನಂದಿ ನೋಡೋಣ ಅಂತ.”

“ಪೂಜೆಗಾ?”

“ಪೂಜೆಗೂ ಅಲ್ಲ. ಸುಮ್ನೆ.”

ಆಕೆ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಅಂದರು: “ಹತ್ತು ವರ್ಷದಿಂದ ಇದೇ ದಾರೀಲಿ ಓಡಾಡ್ತೀನಿ ಕಣಮ್ಮ. ನಂದೀಲಿ ಒಂದಿನಾನೂ ಇಳ್ದಿಲ್ಲ. ಇಳ್ದು ಏನ್ ಮಾಡ್ಲಿ, ಕೆಲಸ ಇಲ್ವಲ್ಲ ಅಲ್ಲಿ!”

ಕೆಲಸ ಇಲ್ಲದ ಕಡೆ ಇಳಿಯುವ ಹಕ್ಕು ನಮಗೆ ಇಲ್ಲವೇ? ಈ ಮಾತನ್ನು ನಾನು ಆಕೆಗೆ ಕೇಳಲಿಲ್ಲ, ನಿಮಗೆ ಕೇಳುತ್ತಿದ್ದೇನೆ.

ನಂದಿ ಹಾಲ್ಟ್ ಹಳೆಯ ಕಾಲದ ಸಣ್ಣ ಸ್ಟೇಷನ್ನು. ಇಂಟಾಕ್ ಸಂಸ್ಥೆಯವರ ಶ್ರಮದಿಂದ ಈಗ ಓರಣವಾಗಿದೆ. ಅಲ್ಲಿಂದ ನಂದಿ ಗ್ರಾಮದ ಭೋಗನಂದೀಶ್ವರ ದೇವಸ್ಥಾನ ನಡೆದು ಹೋಗುವಷ್ಟೇ ದೂರ. ಕಾಲುನೋವಿನವರು ಆಟೋ ಹಿಡಿಯಬಹುದು. ಒಳಗೆ ಅರುಣಾಚಲೇಶ್ವರ, ಭೋಗನಂದೀಶ್ವರ, ಇಬ್ಬರ ನಡುವೆ ಉಮಾಮಹೇಶ್ವರ. ಅರುಣಾಚಲೇಶ್ವರ ಶಿವನ ಬಾಲ್ಯ, ಭೋಗನಂದೀಶ್ವರ ಯೌವನ, ಬೆಟ್ಟದ ಮೇಲಿನ ಯೋಗನಂದೀಶ್ವರ ವೈರಾಗ್ಯ ಅನ್ನುತ್ತಾರೆ. ಕಪ್ಪು ಕಲ್ಲಿನ ಕಲ್ಯಾಣ ಮಂಟಪದ ಬಳ್ಳಿ, ಗಿಳಿಗಳ ಕೆತ್ತನೆಯನ್ನು ಕಸೂತಿ ಹಾಕುವವರು ಹತ್ತಿರದಿಂದ ನೋಡಬೇಕು. ಶೃಂಗಿ ತೀರ್ಥದ ಮೆಟ್ಟಿಲ ಮೇಲೆ ಒಂದು ಗಳಿಗೆ ಕೂರಿ. ಯಾರೂ ‘ಏಳು’ ಅನ್ನುವುದಿಲ್ಲ.

ಇನ್ನೊಂದು ಸಂಗತಿ ನಿಮಗೆ ಗೊತ್ತಿರಬೇಕು. ಸುಮಾರು 810ನೇ ಇಸವಿಯ ತಾಮ್ರಶಾಸನದಲ್ಲಿ, ನಂದಿಯಲ್ಲಿ ಬಾಣರ ರಾಣಿ ರತ್ನಾವಳಿ ಕಟ್ಟಿಸಿದ ಶಿವಾಲಯದ ಮಾತು ಬರುತ್ತದೆ. ಸಾವಿರದ ಇನ್ನೂರು ವರ್ಷದ ಹಿಂದೆ ಒಬ್ಬ ಹೆಂಗಸು ಇಲ್ಲಿ ದೇವಸ್ಥಾನ ಎಬ್ಬಿಸಿದಳು. ಅದನ್ನು ನೋಡಿ ಬರುವುದಕ್ಕೆ ನಾವು ಜೊತೆಗೆ ಜನ ಹುಡುಕುತ್ತೇವೆ!

ಬೆಟ್ಟ ಹತ್ತುವ ಆಸೆಯಿದ್ದರೆ ಚಿಕ್ಕಬಳ್ಳಾಪುರದಿಂದ ಬಸ್ಸಿದೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ನಮಗೆ ಟಿಕೆಟ್ಟಿಗೆ ದುಡ್ಡಿಲ್ಲ, ಗುರುತಿನ ಚೀಟಿ ಇದ್ದರೆ ಸಾಕು. ಮೇಲೆ ಟಿಪ್ಪು ಡ್ರಾಪ್, ಅಮೃತ ಸರೋವರ, ತಣ್ಣನೆ ಗಾಳಿ. ಮೈ ಸರಿಯಿಲ್ಲದೆ 1927ರಲ್ಲಿ ಗಾಂಧೀಜಿ ಇಲ್ಲಿ ವಿಶ್ರಾಂತಿ ಪಡೆದರು, 1936ರಲ್ಲಿ ಮತ್ತೆ ಬಂದರು. ಅಂಥವರಿಗೇ ವಿಶ್ರಾಂತಿ ಬೇಕಾಯಿತು. ನಮಗೆ ಬೇಡವೇ? ಅರ್ಕಾವತಿ ಹುಟ್ಟುವುದೂ ಈ ಬೆಟ್ಟದ ಸೀಮೆಯಲ್ಲೇ.

ಈಗ ಕೆಲವು ಕಿವಿಮಾತು. ಈ ದಾರಿಯಲ್ಲಿ ಗಂಟೆಗೊಂದು ರೈಲಿಲ್ಲ. ಹಿಂದಿನ ದಿನವೇ ಸ್ಟೇಷನ್ನಿನಲ್ಲಿ ಹೋಗುವ ಹೊತ್ತು, ಬರುವ ಹೊತ್ತು ಎರಡನ್ನೂ ಕೇಳಿ ಬರೆದಿಟ್ಟುಕೊಳ್ಳಿ. ಬೆಟ್ಟಕ್ಕೆ ಹೋದರೆ ಇಳಿಯುವ ಬಸ್ಸಿನ ವೇಳೆಯನ್ನು ಕಂಡಕ್ಟರನ್ನೇ ಕೇಳಿ. ಶನಿವಾರ, ಭಾನುವಾರ ಬೆಟ್ಟದಲ್ಲಿ ಜನಜಾತ್ರೆ, ವಾರದ ನಡುವೆ ಹೋಗುವುದು ಒಳ್ಳೆಯದು. ಕಾಡಿನ ಮೆಟ್ಟಿಲ ದಾರಿ ಒಬ್ಬರಿಗೆ ಬೇಡ. ಪುಳಿಯೋಗರೆಯೋ ಚಪಾತಿ-ಪಲ್ಯವೋ ಕಟ್ಟಿಕೊಳ್ಳಿ, ಆದರೆ ಮುಚ್ಚಿದ ಚೀಲದಲ್ಲಿರಲಿ. ಬೆಟ್ಟದ ಕೋತಿಗಳಿಗೆ ನಿಮ್ಮ ಕೈರುಚಿ ತಿಳಿಯುವುದು ಬೇಡ! ನೀರು, ತೆಳುವಾದ ಶಾಲು, ಚಿಲ್ಲರೆ, ಚಾರ್ಜ್ ಮಾಡಿದ ಫೋನು ಇರಲಿ. ರೈಲಿನಲ್ಲಿ ತೊಂದರೆಯಾದರೆ 139, ಬೇರೆಲ್ಲಾದರೂ 112 ಒತ್ತಿ.

ಮನೆಯಲ್ಲಿ ಹೇಗೆ ಹೇಳುವುದು ಅಂತೀರಾ? ‘ಹೋಗಲಾ?’ ಅಂತ ಕೇಳಬೇಡಿ. ‘ಬುಧವಾರ ನಂದಿಗೆ ಹೋಗ್ತಾ ಇದೀನಿ, ಡಬ್ಬಿ ನೀವೇ ಕಟ್ಕೊಳ್ಳಿ’ ಅಂತ ನಗುನಗುತ್ತಾ ಹೇಳಿ. ಮೊದಲು ಆಶ್ಚರ್ಯ ಪಡುತ್ತಾರೆ, ಮಗಳು ‘ಹುಷಾರಮ್ಮಾ’ ಅಂತ ಹತ್ತು ಸಲ ಹೇಳುತ್ತಾಳೆ, ಊರಿಂದ ಯಜಮಾನರ ಫೋನೂ ಬರುತ್ತದೆ. ಬರಲಿ. ಎಲ್ಲಿಳಿಯುತ್ತೀರಿ, ಯಾವ ರೈಲಿಗೆ ಬರುತ್ತೀರಿ ಎಲ್ಲವನ್ನೂ ಸರಿಯಾಗಿ ತಿಳಿಸಿ, ಹೊರಡಿ.

ಸಂಜೆ ಬಂದ ಮೇಲೆ ಕಾಫಿ ಅವರೇ ಮಾಡಿಕೊಡಲಿ. ನೀವು ಕಾಲು ಚಾಚಿ ಕೂತು, ನೋಡಿದ್ದನ್ನೆಲ್ಲ ಹೇಳಿ. ಇಷ್ಟು ವರ್ಷ ಅವರು ಹೇಳಿದ್ದನ್ನು ನೀವು ಕೇಳಿಲ್ಲವೇ?