ಗಡಿ ದಾಟಿದ ಚೀಟಿ

ರೋಗಕ್ಕೆ ದೇಶದ ಗಡಿ ತಿಳಿಯದು. ರೋಗಿಯ ದಾಖಲೆ ಮಾತ್ರ ಗಡಿಯಲ್ಲಿಯೇ ನಿಂತುಬಿಡುತ್ತದೆ. ಪರದೇಶದಲ್ಲಿ ಎಚ್ಚರ ತಪ್ಪಿ ಬಿದ್ದವನಿಗೆ ಪೆನಿಸಿಲಿನ್ ಒಗ್ಗದೆಂಬುದನ್ನು ಅಲ್ಲಿನ ವೈದ್ಯರಿಗೆ ಹೇಳುವವರು ಯಾರು? ಈ ಪ್ರಶ್ನೆಗೆ ಉತ್ತರ ಹುಡುಕಲು ಯೂರೋಪಿನ ಹಲವು ದೇಶಗಳು ಕೂಡಿ 2008ರಲ್ಲಿ ಒಂದು ಯೋಜನೆಯನ್ನು ಕೈಗೊಂಡವು. ಅದರಿಂದ ಹುಟ್ಟಿದುದೇ ‘ಓಪನ್ ಎನ್‌ಸಿಪಿ’ ಎಂಬ ಗಣಕದ ತಂತ್ರಾಂಶ.

ಒಂದೊಂದು ದೇಶಕ್ಕೂ ಒಂದೊಂದು ಸಂಪರ್ಕ ಕೇಂದ್ರ. ರೋಗಿಯ ತಾಯ್ನಾಡಿನ ಕೇಂದ್ರದಲ್ಲಿ ದಾಖಲೆಯು ಎಲ್ಲರೂ ಒಪ್ಪಿದ ಸಂಕೇತಗಳಾಗುತ್ತದೆ. ಆಚೆಯ ಕೇಂದ್ರದಲ್ಲಿ ಚಿಕಿತ್ಸೆ ನೀಡುವ ವೈದ್ಯರ ನುಡಿಯಾಗುತ್ತದೆ. ಇಂತಹ ಕೇಂದ್ರಗಳ ಮೂಲಕ, 2019ರ ಜನವರಿಯಿಂದ ಫಿನ್ಲೆಂಡಿನ ವೈದ್ಯರು ಗಣಕದಲ್ಲಿ ಬರೆದ ಚೀಟಿಗೆ ಎಸ್ಟೋನಿಯಾದಲ್ಲಿ ಔಷಧ ದೊರೆಯತೊಡಗಿತು.

ಕನ್ನಡದ ಉಪಾಧ್ಯಾಯನಾಗಿದ್ದ ನಾನು ಭಾಷಾಂತರದ ತೊಡಕನ್ನು ಬಲ್ಲೆ. ಕವಿತೆಯಲ್ಲಿ ಪದವೊಂದು ತಪ್ಪಿದರೆ ರಸಭಂಗ. ಇಲ್ಲಿ ತಪ್ಪಿದರೆ ಪ್ರಾಣಹಾನಿ. ಈ ತಂತ್ರಾಂಶದ ಮೂಲಬರಹವನ್ನು ಮುಚ್ಚಿಡದೆ ಎಲ್ಲರ ಮುಂದೆ ತೆರೆದಿಟ್ಟಿರುವುದು ನನಗೆ ಮೆಚ್ಚುಗೆಯಾಗುವುದು ಅದಕ್ಕಾಗಿಯೇ. ಬಲ್ಲವರು ಯಾರೇ ಆಗಲಿ, ಅದನ್ನು ಓದಿ ಪರೀಕ್ಷಿಸಬಹುದು. ತಪ್ಪನ್ನು ತೋರಿಸಿ ತಿದ್ದಬಹುದು. ಆದರೆ ತೆರೆದಿಟ್ಟಿರುವುದು ಯಂತ್ರವನ್ನು ನಡೆಸುವ ಬರಹವನ್ನು, ರೋಗಿಯ ಗುಟ್ಟನ್ನಲ್ಲ. ಯಾವುದನ್ನು ಹಂಚಬೇಕು, ಯಾವುದನ್ನು ಕಾಯಬೇಕು ಎಂಬುದನ್ನು ಅರಿತಾಗಲೇ ವಿದ್ಯೆಯು ವಿವೇಕವಾಗುತ್ತದೆ.