ಮಳೆನಾಡಿನ ಬಾಯಾರಿಕೆ

ಕಡೂರಿನ ಬಯಲಿನಲ್ಲಿ ಕಳ್ಳಿ ಬೆಳೆದರೆ ಯಾರೂ ಆಶ್ಚರ್ಯಪಡುವುದಿಲ್ಲ. ಅಲ್ಲಿ ಮಳೆ ನೆಂಟನಂತೆ ಬಂದು ಅವಸರದಿಂದ ಹೊರಟುಹೋಗುತ್ತದೆ. ಕಳ್ಳಿಯಾದರೋ ಎಲೆಯ ಆಡಂಬರವನ್ನು ತೊರೆದು, ಕಾಂಡವನ್ನೇ ನೀರಿನ ಕೊಡವಾಗಿಸಿಕೊಂಡು, ಹೊಲದ ಬೇಲಿಯಲ್ಲಿ ಕಾವಲು ನಿಲ್ಲುತ್ತದೆ. ಆದರೆ ಅದೇ ಜಿಲ್ಲೆಯಲ್ಲಿ ಗಿರಿಸಾಲನ್ನು ದಾಟಿ ಮೂಡಿಗೆರೆ, ಕಳಸಗಳ ಕಡೆಗೆ ಹೋದರೆ, ಆಷಾಢದಲ್ಲಿ ದಿನಗಟ್ಟಲೆ ಸೂರ್ಯದರ್ಶನವಿಲ್ಲದ ಕಾಫಿತೋಟಗಳಲ್ಲಿಯೂ ನೀರು ಕೂಡಿಡುವ ಗಿಡಗಳಿವೆ. ಹೊಳೆಯ ದಡದಲ್ಲಿ ಕುಳಿತವನು ಕೊಡ ತುಂಬಿಟ್ಟುಕೊಂಡಂತೆ!

ತಲೆಯೆತ್ತಿ ಮರವನ್ನು ನೋಡಿದರೆ ಸಂಶಯ ಪರಿಹಾರವಾಗುತ್ತದೆ. ಹಲಸಿನ ಕೊಂಬೆಯ ಮೇಲೆ ಮಣ್ಣೆಲ್ಲಿದೆ? ಸುರಿದ ಮಳೆ ಗಳಿಗೆಯೊಳಗೆ ಜಾರಿಹೋಗುತ್ತದೆ. ಮಾಗಿ ಕಳೆದು ಹೂಮಳೆ ಬೀಳುವವರೆಗೆ ಬರಿಯ ಬಿಸಿಲು, ಬರಿಯ ಗಾಳಿ. ನೆಲದಲ್ಲಿ ಮಲೆನಾಡು, ಕೊಂಬೆಯಲ್ಲಿ ಬಯಲುಸೀಮೆ. ಅಲ್ಲಿ ಬಾಳುವ ಸೀತಾಳೆ ದಂಡೆಗೆ ದೋಣಿಯಂತೆ ಮಡಿಚಿದ ದಪ್ಪ ಎಲೆ. ಗಾಳಿಗೆ ತೂಗುವ ಬೇರುಗಳಿಗೆ ಬೆಂಡಿನಂಥ ಬಿಳಿಯ ಹೊದಿಕೆ. ಮಳೆಹನಿ ಸೋಕಿದೊಡನೆ ಆ ಹೊದಿಕೆ ನೀರನ್ನು ಹೀರಿ, ಒಳಗಿನ ಹಸುರನ್ನು ಹೊರಗೆ ತೋರುತ್ತದೆ. ಅದರ ಬಳಗದ ಬೇರೆ ಕೆಲವು ಸೀತಾಳೆಗಳು ಕಾಂಡದ ಬುಡವನ್ನೇ ಗೆಡ್ಡೆಯಂತೆ ಉಬ್ಬಿಸಿಕೊಂಡು, ಬೇಸಗೆಯಲ್ಲಿ ಎಲೆಯುದುರಿಸಿ ತಪಸ್ಸು ಮಾಡುತ್ತವೆ.

ಮೂಡಿಗೆರೆಯ ಬಳಿಯ ತೋಟದಮನೆಯೊಂದರ ಅಜ್ಜಿಗೆ ಈ ಶಾಸ್ತ್ರ ತಿಳಿಯದು. ಆದರೆ ಬಚ್ಚಲಿನ ಹಿಂದಿನ ಕಾಡುಬಸಳೆಯ ಎಲೆ ಬೆಳಗ್ಗೆ ಹುಳಿಯೆಂಬುದನ್ನೂ ಮಧ್ಯಾಹ್ನಕ್ಕೆ ಸಪ್ಪೆಯೆಂಬುದನ್ನೂ ಆಕೆಯ ನಾಲಗೆ ಬಲ್ಲದು. ಇದನ್ನೇ ಬೆಂಜಮಿನ್ ಹೈನೆ ಎಂಬ ಸಸ್ಯಶಾಸ್ತ್ರಜ್ಞನೂ ಎಲೆಯನ್ನು ಅಗಿದು ಕಂಡುಕೊಂಡ. ಕೆಲಕಾಲ ಬೆಂಗಳೂರಿನ ಲಾಲ್‌ಬಾಗನ್ನು ನೋಡಿಕೊಂಡಿದ್ದ ಆತನ ಪತ್ರ 1815ರಲ್ಲಿ ಲಂಡನ್ನಿನ ಲಿನ್ನಿಯನ್ ಸೊಸೈಟಿಯ ಪತ್ರಿಕೆಯಲ್ಲಿ ಅಚ್ಚಾಯಿತು. ಇಂಥ ಗಿಡಗಳು ಹಗಲಿನಲ್ಲಿ ಎಲೆಯ ರಂಧ್ರಗಳನ್ನು ಮುಚ್ಚಿ ನೀರನ್ನು ಕಾಯುತ್ತವೆ. ತಂಪಾದ ಇರುಳಿನಲ್ಲಿ ತೆರೆದು, ಇಂಗಾಲದ ಡೈಆಕ್ಸೈಡನ್ನು ಒಳಗೆಳೆದು, ಹುಳಿಯಾಗಿ ಮಾಡಿ ಇಡುತ್ತವೆ. ಬಿಸಿಲೇರಿದಂತೆ ಆ ಹುಳಿ ಕರಗಿ ಆಹಾರವಾಗುತ್ತದೆ. ಬಾಗಿಲು ಹಾಕಿಕೊಂಡು ಅಡಿಗೆ ಮಾಡುವ ಜಾಣತನವೆನ್ನಬೇಕು.

ಕಾಡುಬಸಳೆಯ ತವರು ಮಡಗಾಸ್ಕರ್ ದ್ವೀಪ. ಅಜ್ಜಿಯ ಮಗನ ದೆಸೆಯೂ ಒಮ್ಮೆ ಅದೇ ದ್ವೀಪಕ್ಕೆ ತಗುಲಿಕೊಂಡಿತು. 2000ದಲ್ಲಿ ಅಲ್ಲಿ ಚಂಡಮಾರುತ ಬೀಸಿ ವೆನಿಲಾ ಬೆಳೆ ಹಾಳಾಯಿತು. ಮಲೆನಾಡಿನಲ್ಲಿ ಹಸಿಕಾಯಿಗೆ ಕಿಲೋಗೆ ಸಾವಿರಗಟ್ಟಲೆ ರೂಪಾಯಿ! ವೆನಿಲಾವೂ ಸೀತಾಳೆಯ ಕುಲದ್ದೇ. ಅದರ ರಸಭರಿತ ಬಳ್ಳಿಯೂ ಇರುಳಿನಲ್ಲೇ ಉಸಿರನ್ನು ಕೂಡಿಡುವಂಥದು. ಮಗ ಸಾಲ ಮಾಡಿ ಬಳ್ಳಿ ಹಬ್ಬಿಸಿದ. ಹೆಂಗಸರು ಬೆಳಗಿನ ಹೊತ್ತು ಕಡ್ಡಿ ಹಿಡಿದು ಒಂದೊಂದು ಹೂವಿಗೂ ಪರಾಗ ಮುಟ್ಟಿಸಿದರು. ಬರವನ್ನು ತಾಳಬಲ್ಲ ಬಳ್ಳಿ, ನಿಂತ ನೀರಿಗೆ ಕೊಳೆಯಿತು. ಉಳಿದದ್ದು ಕಾಯಿ ಬಿಡುವ ಹೊತ್ತಿಗೆ ಬೆಲೆ ಪಾತಾಳಕ್ಕಿಳಿದಿತ್ತು.

ಸಾಲ ತೀರಬೇಕಷ್ಟೆ. ಹಳೆಯ ನೆರಳಿನ ಮರಗಳನ್ನು ಕಡಿದು ಮಾರಿ, ಬೇಗ ಬೆಳೆಯುವ ಸಿಲ್ವರ್ ಮರ ನೆಟ್ಟು, ಮೆಣಸಿನಬಳ್ಳಿ ಹಬ್ಬಿಸುವುದೆಂದು ಮಗ ನಿಶ್ಚಯಿಸಿದ. ಕಣದ ಬದಿಯ ಹಲಸಿಗೂ ಗುರುತು ಬಿತ್ತು.

“ಆ ಮರದ ದಂಡೆ ಮುಡಿದುಕೊಂಡೇ ಈ ಮನೆಗೆ ಬಂದವಳು ಕಣೋ ನಾನು,” ಎಂದಳು ಅಜ್ಜಿ.

“ಅವ್ವಾ, ಬ್ಯಾಂಕಿನವರಿಗೆ ದಂಡೆ ಕೊಟ್ಟರೆ ಆಗುತ್ತದೆಯೇ?” ಎಂದ ಮಗ. ಅವನ ಮಾತಿನಲ್ಲಿಯೂ ತಪ್ಪಿರಲಿಲ್ಲ.

ಮರ ಬಿದ್ದಿತು. ಮರಗಸಿಯ ಆಳು ಕೊಂಬೆಯಿಂದ ನಾಲ್ಕು ಬುಡಗಳನ್ನು ಬೇರು ಹರಿಯದಂತೆ ಬಿಡಿಸಿ ತಂದು ಅಜ್ಜಿಯ ಮುಂದಿಟ್ಟ. ಆಕೆ ಬಾಳೆನಾರನ್ನು ನೆನೆಸಿಕೊಟ್ಟಳು. ಮೂರನ್ನು ಹಿತ್ತಲಿನ ಹಲಸಿಗೂ ಒಂದನ್ನು ಹೊಸ ಸಿಲ್ವರ್ ಮರಕ್ಕೂ ಕಟ್ಟಿದ್ದಾಯಿತು. ಎರಡನೆಯ ವರ್ಷ ಮುಂಗಾರಿಗೆ ಮುಂಚೆ ಹಲಸಿನ ಮೇಲಿನವು ಮೂರೂ ಹೂಬಿಟ್ಟವು. ಸಿಲ್ವರ್ ಮರದ್ದು ಬದುಕಿದೆ. ಒಂದು ಬೇರನ್ನು ಮಾತ್ರ ತೊಗಟೆಗೆ ಊರಿದೆ.