ಜೋಡಿ ತಪ್ಪಿದ ಎಲೆಕ್ಟ್ರಾನು

ಬೀಡಿ ಬಿಡಲಾರದೆ, ಕೆಮ್ಮಿಗೆ ಹೆದರಿ, ಬೀಟಾ ಕ್ಯಾರೋಟಿನ್ ಮಾತ್ರೆ ತಂದಿದ್ದೆ. "ಯಾಕೆ ತಾತ?" ಎಂದಳು ಹತ್ತನೇ ತರಗತಿಯ ಮೊಮ್ಮಗಳು.

"ಹೊಗೆಯಲ್ಲಿ ಫ್ರೀ ರ‍್ಯಾಡಿಕಲ್‌ಗಳಿವೆ. ಅವುಗಳ ಒಂದು ಎಲೆಕ್ಟ್ರಾನಿಗೆ ಜೋಡಿಯಿಲ್ಲ. ಪಕ್ಕದ ಅಣುವಿನಿಂದ ಕಿತ್ತುಕೊಳ್ಳುತ್ತವೆ; ಕಳೆದುಕೊಂಡದ್ದು ಮತ್ತೊಂದರ ಮೇಲೆ ಬೀಳುತ್ತದೆ. ಹೀಗೇ ಜೀವಕೋಶ ಹಾಳಾಗುತ್ತದೆ. ಮಾತ್ರೆ ತಡೆಯುತ್ತದಂತೆ."

ಅವಳು ಓದಿಕೊಂಡು ಬಂದಳು. "ತಾತ, ಫಿನ್‌ಲೆಂಡಿನಲ್ಲಿ 29,133 ಧೂಮಪಾನಿಗಳ ಮೇಲೆ ಪರೀಕ್ಷೆ ನಡೆದಿತ್ತು. 1994ರಲ್ಲಿ ಫಲಿತಾಂಶ ಬಂತು. ಈ ಮಾತ್ರೆ ನುಂಗಿದವರಲ್ಲೇ ಶ್ವಾಸಕೋಶದ ಕ್ಯಾನ್ಸರ್ ಹೆಚ್ಚು! ಇನ್ನೊಂದು ಗೊತ್ತಾ? ನಮ್ಮ ಬಿಳಿ ರಕ್ತಕಣಗಳು ರೋಗಾಣು ಕೊಲ್ಲಲು ಫ್ರೀ ರ‍್ಯಾಡಿಕಲ್‌ಗಳನ್ನೇ ಬಳಸುತ್ತವೆ. ಅವು ಪೂರ್ತಿ ಶತ್ರುಗಳಲ್ಲ. ಹೊಗೆಯಿಂದ ಬರುವುದನ್ನು ನಿಲ್ಲಿಸಿದರೆ ಸಾಕು."

ಮಾತ್ರೆ, ಬೀಡಿಕಟ್ಟು ಎರಡನ್ನೂ ಅವಳ ಕೈಗಿಟ್ಟೆ. ಈಗ ಊಟಕ್ಕೆ ಸೊಪ್ಪು, ನೆಲ್ಲಿಕಾಯಿ. ಕೆಮ್ಮು ಇನ್ನೂ ಪೂರ್ತಿ ಹೋಗಿಲ್ಲ. ಆದರೆ ಮೆಟ್ಟಿಲು ಹತ್ತುತ್ತಾ ಅವಳೊಡನೆ ಮಾತಾಡಬಲ್ಲೆ.